ಗೆಣ್ಣಿಗೆ ಹೂ ಬಿಡುವ ಪುದೀನ

ನನ್ನ ಮೂಗು ಸತ್ತುಹೋದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿತ್ತು. ಹೇಳದೆ ಇದ್ದದ್ದು ನನ್ನ ಜಂಬ, ಬೇರೇನೂ ಅಲ್ಲ. ಈಗ ಸುತ್ತಿ ಬಳಸಿ ಮಾತಾಡಿ ಏನು ಪ್ರಯೋಜನ? ಆಷಾಢದಲ್ಲಿ ಹದಿನೆಂಟು ದಿನ ಜ್ವರ ಬಂದು ಮಲಗಿದ್ದೆ. ಎದ್ದ ದಿನ ಒಲೆಯ ಮೇಲಿಟ್ಟ ಹಾಲು ಉಕ್ಕಿ, ತಳ ಹಿಡಿದು, ಕರಕಲಾಗಿ, ಹೊಗೆ ಕಣ್ಣಿಗೆ ಬಂದ ಮೇಲೆ ಗೊತ್ತಾಯಿತು. ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ಸೀಮೆಎಣ್ಣೆ ಡಬ್ಬದ ಬಿರಡೆ ತೆಗೆದೆ. ಏನೂ ಇಲ್ಲ. ಹಿತ್ತಲಿಗೆ ಓಡಿ ನಮ್ಮನೆ ಪುದೀನದ ಎಲೆ ಕಿತ್ತು ಅಂಗೈಯಲ್ಲಿ ಹೊಸೆದು ಉಸಿರೆಳೆದೆ. ಬರೀ ಗಾಳಿ. ಅಯ್ಯೋ ದೇವರೇ ಎಂದು ಅಲ್ಲೇ ಒಗೆಯೋ ಕಲ್ಲಿನ ಮೇಲೆ ಕೂತುಬಿಟ್ಟೆ.

ಬೇರೆ ಊರಿನಲ್ಲಾದರೆ ಮುದುಕಿಯೊಬ್ಬಳ ಮೂಗು ಹೋದರೆ ಯಾರಿಗೇನು? ಸಾರಿಗೆ ಇಂಗು ಜಾಸ್ತಿಯಾಯಿತು ಅಂತ ಬೈಸಿಕೊಂಡರೆ ಮುಗಿಯಿತು. ನಮ್ಮೂರಿನಲ್ಲಿ ಹಾಗಲ್ಲ. ಇಲ್ಲಿ ಯಾವ ಮನೆಯ ಅಂಗಳದಲ್ಲಿ ಕಾಡುಪುದೀನ ಇಲ್ಲವೋ ಆ ಮನೆಯವರನ್ನು ಊರು ಮರೆಯುತ್ತದೆ. ಮೊದಲು ಹೆಸರು ಹೋಗುತ್ತದೆ. ಆಮೇಲೆ ಇವರು ನಮಗೆ ಏನಾಗಬೇಕು ಎಂಬುದು ಹೋಗುತ್ತದೆ. ಕಡೆಗೆ ಮುಖ. ಎಲ್ಲ ಹೋಗಲು ಒಂದು ವರ್ಷ ಹಿಡಿಯುತ್ತದೆ. ಆ ಮನೆಯೊಳಗಿನವರಿಗೆ ತಮ್ಮ ತಮ್ಮಲ್ಲಿ ಏನೂ ಮರೆಯುವುದಿಲ್ಲ, ಹಾಗಾಗಿ ಅವರಿಗೆ ಗೊತ್ತೂ ಆಗುವುದಿಲ್ಲ. ಪುದೀನ ಇರುವ ಜಾಗಕ್ಕೆ ಹೋಗಿ ಒಂದು ತಿಂಗಳು ಇದ್ದರೆ ಮತ್ತೆ ಎಲ್ಲರಿಗೂ ನೆನಪಾಗುತ್ತಾರೆ. ಅದಕ್ಕೇ ನಮ್ಮಲ್ಲಿ ಮನೆ ಬಿಡುವುದು ದೊಡ್ಡ ಸಂಗತಿಯಲ್ಲ. ಹಾಸಿಗೆ ಸುತ್ತಿಕೊಂಡು ಚಿಕ್ಕಮ್ಮನ ಮನೆಗೋ ಭಾವನ ಮನೆಗೋ ಹೋಗುತ್ತಾರೆ, ಹಿತ್ತಲಿಗೆ ಪುದೀನ ತಾನಾಗಿ ಮರಳಿದ ಮೇಲೆ ವಾಪಸು ಬರುತ್ತಾರೆ. ತಾನಾಗಿಯೇ ಬರಬೇಕು, ಕಾಡುಪುದೀನ ತಂದು ನೆಟ್ಟರೆ ಹತ್ತುವುದಿಲ್ಲ.

ಇದೆ ಇಲ್ಲ ಎಂದು ಹೇಳುವವಳು ನಾನು. ಶ್ರಾವಣ ಬಂದರೆ ಸುಣ್ಣದ ಕುಡಿಕೆ ಹಿಡಿದು ಮನೆಮನೆಗೆ ಹೋಗುತ್ತೇನೆ. ಎಲೆ ಹೊಸೆದು ಮೂಸಿ, ಕಾಡಿನದಾದರೆ ಬಾಗಿಲುವಾಡಕ್ಕೆ ಒಂದು ಸುಣ್ಣದ ಬೊಟ್ಟು. ಸಂತೆಯ ಪುದೀನವಾದರೆ ಬೊಟ್ಟಿಲ್ಲ. ಕಣ್ಣಿಗೆ ಎರಡೂ ಒಂದೇ: ಅದೇ ಹಸಿರು, ಅದೇ ಗರಗಸದಂಥ ಅಂಚು, ಅದೇ ನಾಲ್ಕು ಮೂಲೆಯ ದಂಟು. ವಾಸನೆ ಮಾತ್ರ ಬೇರೆ. ಸಂತೆಯದಕ್ಕೆ ಸಿಹಿ ವಾಸನೆ, ಚಟ್ನಿ ಅರೆದುಕೋ ಎಂದು ಕರೆಯುವ ವಾಸನೆ. ಕಾಡಿನದು ಒಂಥರಾ ಖಾರ. ಕರ್ಪೂರಕ್ಕೂ ಒದ್ದೆ ಮಣ್ಣಿಗೂ ನಡುವೆ. ಇದನ್ನು ನನಗೆ ಕಲಿಸಿದ್ದು ನನ್ನ ಅತ್ತೆ, ಕಣ್ಣಿಗೆ ಬಟ್ಟೆ ಕಟ್ಟಿ, ತಪ್ಪು ಹೇಳಿದರೆ ತಲೆಗೆ ಮೊಟಕಿ. ಮೂವತ್ತೊಂದು ವರ್ಷ ಈ ಕೆಲಸ ಮಾಡಿದ್ದೇನೆ. ಊರಿಗೆಲ್ಲ ನಾನು ಬೊಟ್ಟಿನಮ್ಮ.

ಆ ಶ್ರಾವಣದಲ್ಲಿ ಸತ್ತ ಮೂಗು ಹೊತ್ತುಕೊಂಡೇ ಹೊರಟೆ. ಎಲೆ ಹೊಸೆದೆ, ಉಸಿರೆಳೆದೆ, ಕಣ್ಣು ಮುಚ್ಚಿ ಗಂಭೀರವಾಗಿ ತಲೆಯಾಡಿಸಿದೆ, ಬೊಟ್ಟಿಟ್ಟೆ. ಒಬ್ಬರಿಗೂ ಇಲ್ಲ ಅನ್ನಲಿಲ್ಲ. ಇಲ್ಲ ಅಂದರೆ ಸುಮ್ಮಸುಮ್ಮನೆ ಒಂದು ಸಂಸಾರವನ್ನು ಎಬ್ಬಿಸಿದಂತಾಗುತ್ತದಲ್ಲ, ಇದೆ ಅಂದರೆ ಯಾರಿಗೇನು ನೋವು ಎಂದು ನನ್ನ ಲೆಕ್ಕಾಚಾರ. ಮೇಲ್ಬೀದಿಯ ಇಪ್ಪತ್ತೆರಡು ಮನೆಗೂ ಬೊಟ್ಟು. ನನ್ನ ಮಗಳನ್ನು ಕೊಟ್ಟಿರುವುದು ಆ ಬೀದಿಗೇ. ಅವಳ ಅತ್ತೆ, ಅಂದರೆ ನನ್ನ ಬೀಗಿತ್ತಿ, ಬಾಳೆಹಣ್ಣು, ಕಾಯಿ, ರವಿಕೆ ಕಣ ಇಟ್ಟು ತಟ್ಟೆ ಕೊಟ್ಟರು. "ನಮ್ಮನೇಲಿ ಪುದೀನ ಇಲ್ದೆ ಇರಕ್ಕೆ ಸಾಧ್ಯನಾ? ನಮ್ಮ ಮುತ್ತಜ್ಜ ರುಮಾಲಿನ ಮಡಿಕೇಲಿ ಕಟ್ಕೊಂಡು ತಂದಿದ್ದು ಈ ಊರಿಗೆ" ಎಂದರು. ಪ್ರತಿವರ್ಷ ಅದನ್ನೇ ಹೇಳುತ್ತಾರೆ, ನಾನೂ ಪ್ರತಿವರ್ಷ ಹೂಂ ಅನ್ನುತ್ತೇನೆ. ಆ ವರ್ಷ ಅಲ್ಲಿನ ಪುದೀನ ಕುಂಡದಲ್ಲಿತ್ತು. ಬೀದಿಯ ಅಂಚಿನಲ್ಲಿ ಹರಿಯುತ್ತಿದ್ದ ಕಾಲುವೆಗೆ ಬೇಸಿಗೆಯಲ್ಲಿ ಚಪ್ಪಡಿ ಮುಚ್ಚಿ ಸಿಮೆಂಟು ಮೆತ್ತಿದ್ದರು, ಸೊಳ್ಳೆ ಕಾಟ ಅಂತ. ಕುಂಡ ನೋಡಿದಾಗಲಾದರೂ ನನಗೆ ಚುರುಕ್ ಎನ್ನಬೇಕಿತ್ತು. ಮೂಗಿನ ಜೊತೆ ಬುದ್ಧಿಯೂ ಹೋಗಿತ್ತೋ ಏನೋ, ಎನ್ನಲಿಲ್ಲ.

ಆಯುಧಪೂಜೆಗೆ ನಾಲ್ಕು ದಿನ ಇರುವಾಗ ಸಂತೆಯಲ್ಲಿ ಬೂದುಗುಂಬಳ ಆರಿಸುತ್ತಿದ್ದೆ. ಎದುರಿಗೆ ಒಬ್ಬ ಹೆಂಗಸು ಬಂದಳು, ಕೈಯಲ್ಲಿ ಐದು ವರ್ಷದ ಹೆಣ್ಣುಕೂಸು. ಕೂಸಿನ ಎರಡು ಜಡೆ, ಒಂದಕ್ಕೆ ಕೆಂಪು ಟೇಪು, ಒಂದಕ್ಕೆ ಹಸಿರು. ಎಷ್ಟು ಮುದ್ದಾಗಿದೆ ಕೂಸು, ಯಾರ ಮನೆಯದೋ ಅಂದುಕೊಂಡು ನಕ್ಕು ಮುಂದೆ ಹೋದೆ. ಹತ್ತು ಹೆಜ್ಜೆ. ಹತ್ತನೆಯ ಹೆಜ್ಜೆಗೆ ಕಾಲು ನೆಲಕ್ಕೆ ಅಂಟಿತು. ಆ ಟೇಪು ನಾನೇ ತಂದುಕೊಟ್ಟದ್ದು. ಆ ಕೂಸು ನನ್ನ ಮೊಮ್ಮಗಳು. ಆ ಹೆಂಗಸು ನಾನು ಹೆತ್ತವಳು. ತಿರುಗಿ ನೋಡಿದೆ. ಅವಳು ಬಳೆ ಅಂಗಡಿಯ ಮುಂದೆ ನಿಂತಿದ್ದಳು. ಕೂಗೋಣ ಎಂದು ಬಾಯಿ ತೆರೆದೆ. ಹೆಸರು ಬರಲಿಲ್ಲ.

ಬಾಯಿ ತೆರೆದೇ ನಿಂತಿದ್ದೆನಂತೆ. ಕುಂಬಳಕಾಯಿಯವನು "ಯಾಕಮ್ಮ, ತಲೆ ಸುತ್ತುತ್ತಾ?" ಎಂದು ನೀರು ಕೊಟ್ಟ. ಕುಡಿಯದೆ ಮನೆಗೆ ಬಂದೆ. ಬೆಳ್ಳಿ ಲೋಟ ಹುಡುಕಿದೆ. ಮಗಳ ನಾಮಕರಣಕ್ಕೆ ನನ್ನ ತಮ್ಮ ತಂದದ್ದು, ಹೆಸರು ಕೊರೆಸಿದ್ದಾನೆ. ಆ ಹೆಸರಿಗಾಗಿ ನಾನೂ ನಮ್ಮ ಯಜಮಾನರೂ ಮೂರು ದಿನ ಮಾತು ಬಿಟ್ಟಿದ್ದೆವು. "ಬೊಟ್ಟು ಇಡೋಳ ಮಗಳಿಗೆ ಅಷ್ಟು ದೊಡ್ಡ ಹೆಸರಾ, ದೇವಲೋಕದಿಂದ ಇಳಿದು ಬಂದ್ಲಾ?" ಎಂದು ಅವರು. "ಹೂಂ, ಇಳಿದೇ ಬಂದ್ಲು" ಎಂದು ನಾನು. ಜಗಳ ಅಕ್ಷರ ಅಕ್ಷರ ನೆನಪಿದೆ. ಅವರು ತೀರಿಕೊಂಡು ಆರು ವರ್ಷವಾಯಿತು, ಅವರ ಮೀಸೆಯ ನಗೆ ನೆನಪಿದೆ. ಹೆಸರು ಮಾತ್ರ ಇಲ್ಲ. ಲೋಟ ತಿರುಗಿಸಿ ಓದಿದೆ. ಓದುವಾಗ ಇತ್ತು. ಲೋಟ ಕೆಳಗಿಟ್ಟೆ, ಇಲ್ಲ. ಮತ್ತೆ ಎತ್ತಿದೆ, ಇತ್ತು. ಇಟ್ಟೆ, ಇಲ್ಲ. ಎಷ್ಟು ಸಲ ಎತ್ತಿ ಇಟ್ಟೆನೋ, ಕಡೆಗೆ ಲೋಟ ಮಡಿಲಲ್ಲಿಟ್ಟುಕೊಂಡು ಅತ್ತೆ.

ಮಾರನೆಯ ಬೆಳಿಗ್ಗೆ ಮೇಲ್ಬೀದಿಗೆ ಹೋದೆ. ಯಾರ ಮನೆಗೂ ಹೋಗಲಿಲ್ಲ, ಸುಮ್ಮನೆ ಬೀದಿಯಲ್ಲಿ ನಡೆದೆ. ಪೇಪರು ಓದುತ್ತಾ ಜಗಲಿಯಲ್ಲಿ ಕೂತವರು, ರಂಗೋಲಿ ಹಾಕುವವರು, ಸೈಕಲ್ ಒರೆಸುವವರು. "ನಮಸ್ಕಾರ ಸಾರ್." "ನಮಸ್ಕಾರ ನಮಸ್ಕಾರ." "ಕಾಫಿ ಆಯ್ತಾ ಮೇಡಂ?" "ಆಯ್ತು ಮೇಡಂ, ನಿಮ್ದು?" ಇವರೆಲ್ಲ ನಲವತ್ತು ವರ್ಷದಿಂದ ಎದುರುಬದುರು ಇರುವವರು. ಗೋಲಿ ಆಡಿ, ಹೊಡೆದಾಡಿ, ಒಬ್ಬರ ಮದುವೆಯಲ್ಲಿ ಒಬ್ಬರು ಬಡಿಸಿದವರು. ಲೋ, ಬಾರೋ ಅನ್ನುತ್ತಿದ್ದವರು ಸಾರ್ ಅನ್ನುತ್ತಿದ್ದರು. ಒಬ್ಬರಿಗೂ ಇನ್ನೊಬ್ಬರ ಹೆಸರು ಗೊತ್ತಿಲ್ಲ. ಹೇಳಿಕೊಳ್ಳಲು ಎಲ್ಲರಿಗೂ ನಾಚಿಕೆ. ಎದುರುಮನೆಯ ಬಾಗಿಲಲ್ಲಿ ಬೊಟ್ಟಿದೆ, ಅಂದಮೇಲೆ ಅವರ ಹೆಸರು ಮರೆತದ್ದು ನನ್ನ ತಲೆಯ ತಪ್ಪೇ ಎಂದು ಒಬ್ಬೊಬ್ಬರೂ ಅಂದುಕೊಂಡು, ಮರ್ಯಾದೆಯ ಮಾತಿನಲ್ಲಿ ಮುಚ್ಚಿಕೊಂಡು ಕೂತಿದ್ದರು. ನಾನಿಟ್ಟ ಬೊಟ್ಟಿನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಮಗಳನ್ನು ನಮ್ಮನೆಗೇ ಕರೆದುಕೊಂಡು ಬರೋಣ, ಒಂದು ತಿಂಗಳು ಇಟ್ಟುಕೊಂಡರೆ ಸರಿಹೋಗುತ್ತದೆ ಎಂದು ಲೆಕ್ಕ ಹಾಕುತ್ತಾ ಇಳಿದೆ. ನಮ್ಮ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ನಮ್ಮನೆ ಹಿತ್ತಲಿನದು ಕಾಡಿನದೇ ಎಂದು ಯಾರು ಹೇಳಿದರು? ಮೂಸಿ ನೋಡಲು ನನಗೆ ಮೂಗಿಲ್ಲ. ಊರು ನನ್ನ ಹೆಸರು ಮರೆತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದೇ ಇಲ್ಲವಲ್ಲ, ಮೂವತ್ತೊಂದು ವರ್ಷದಿಂದ ಬೊಟ್ಟಿನಮ್ಮ, ಬೊಟ್ಟಿನಮ್ಮ. ಮರಿಗೌಡನ ದಿನಸಿ ಅಂಗಡಿಗೆ ಹೋದೆ. ಅವನು ನನ್ನ ತಮ್ಮನ ಸಹಪಾಠಿ, ನಮ್ಮನೆಯಲ್ಲಿ ಉಂಡು ಬೆಳೆದವನು.

"ಮರಿಗೌಡ, ನನ್ನ ಹೆಸರು ಏನೋ?"

ಅವನು ಬೆಲ್ಲ ಕಟ್ಟುತ್ತಿದ್ದವನು ನಕ್ಕ. "ಇದೇನಕ್ಕಾ ತಮಾಷೆ, ಬೊಟ್ಟಿನಮ್ಮ ಅಲ್ವಾ?"

"ಅದು ಕೆಲಸ ಕಣೋ. ನಮ್ಮವ್ವ ಇಟ್ಟ ಹೆಸರು ಹೇಳು."

ಅವನ ಕೈ ನಿಂತಿತು. ನಗು ಮೆಲ್ಲಗೆ ಇಳಿಯಿತು. "ನಾಲಿಗೆ ತುದೀಲಿ ಐತೆ ಕಣಕ್ಕ... ನೆನ್ನೆಯಿಂದ ನಿದ್ದೆ ಸರಿ ಇಲ್ಲ, ಅದಕ್ಕೇ..." ಎಂದು ದಾರ ಸುತ್ತುತ್ತಲೇ ಇದ್ದ. ಪಾಪ, ಅವನ ಮುಖ ನೋಡಲಾಗಲಿಲ್ಲ. "ಇರಲಿ ಬಿಡೋ" ಎಂದೆ. ಬೆಲ್ಲ ತೆಗೆದುಕೊಳ್ಳದೆ ಬಂದುಬಿಟ್ಟೆ.

ಅಲ್ಲಿಗೆ ನಮ್ಮನೆಯೂ ಹೋಯಿತು. ಮಗಳನ್ನು ಎಲ್ಲಿಗೆಂದು ಕರೆದುಕೊಂಡು ಹೋಗಲಿ? ಅವಳಿಗೆ ನಾನು ಅವ್ವ, ನನಗೆ ಅವಳು ಮಗಳು. ಹೆಸರು ಹೋಯಿತು, ಇನ್ನು ಹೋಗುವ ಸರದಿ ಅದರದ್ದೇ. ಸಂತೆಯಲ್ಲಿ ಹತ್ತು ಹೆಜ್ಜೆ ಹೋಗಿಯೂ ಇತ್ತು. ನಾಳೆ ಇಪ್ಪತ್ತು ಹೆಜ್ಜೆಯಾದರೆ? ತಿರುಗಿಯೇ ನೋಡದಿದ್ದರೆ? ಆ ಎರಡು ದಿನ ನಾನು ಅನ್ನ ಉಂಡೆನೋ ಇಲ್ಲವೋ ಗೊತ್ತಿಲ್ಲ. ಮಗಳ ಮುಖವನ್ನು ಗಂಟೆಗೊಮ್ಮೆ ಮನಸ್ಸಿಗೆ ತಂದುಕೊಂಡು ಇದೆಯಾ ಇದೆಯಾ ಎಂದು ನೋಡುತ್ತಿದ್ದೆ, ಹಾಲಿಟ್ಟ ಒಲೆಯ ಮುಂದೆ ನಿಂತ ಹಾಗೆ.

ಮೂರನೆಯ ದಿನ ಬೆಳಿಗ್ಗೆ ಸೊಪ್ಪು ಮಾರುವವಳು ಬೀದಿಯಲ್ಲಿ ಕೂಗುತ್ತಾ ಬಂದಳು. ನಾನು ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತವಳು, ತಲೆ ಎತ್ತದೆಯೇ "ಹೊನ್ನೂರಮ್ಮ, ಇವತ್ತು ಬ್ಯಾಡ ಕಣವ್ವ" ಎಂದೆ. ಅಂದವಳು ಬೆಚ್ಚಿದೆ. ಇವಳ ಹೆಸರು ನನಗೆ ಹೇಗೆ ಗೊತ್ತು? ತೂಬಿನ ಹತ್ತಿರದ ಶೆಡ್ಡಿನವಳು. ಕಾಲುವೆ ಕೆಲಸಕ್ಕೆ ಎಲ್ಲಿಂದಲೋ ಬಂದು ಅಲ್ಲೇ ಉಳಿದ ಹನ್ನೊಂದು ಸಂಸಾರದಲ್ಲಿ ಒಬ್ಬಳು. ಮೂರು ವರ್ಷದ ಹಿಂದೆ ಸಬ್ಬಸಿಗೆ ಕಟ್ಟು ಸಣ್ಣದಾಯಿತು ಎಂದು ನಾನು ಜಗಳ ಕಾದಾಗ "ಈ ಹೊನ್ನೂರಮ್ಮ ಯಾರಿಗೂ ಮೋಸ ಮಾಡಾಕಿ ಅಲ್ಲ್ರೀ" ಎಂದಿದ್ದಳು. ಒಂದೇ ಒಂದು ಸಲ. ಗಂಡ ಈರಪ್ಪ. ದೊಡ್ಡವಳು ಮಾಬವ್ವ, ಚಿಕ್ಕವಳು ಗಾದೆವ್ವ. ಎಲ್ಲ ಪಟಪಟನೆ ಬಂತು, ನಾನು ಕೇಳದೆಯೇ.

"ಏನ್ರೀ ಅಮ್ಮಾ ಹಂಗ ನೋಡಾಕತ್ತೀರಿ? ಮೈಯಾಗ ಹುಷಾರಿಲ್ಲೇನು?" ಎಂದು ಬುಟ್ಟಿ ಇಳಿಸಿದಳು.

"ನಿನ್ನ ಹೆಸರು ಊರಲ್ಲಿ ಯಾರಾದ್ರೂ ಮರೀತಾರಾ ಹೊನ್ನೂರಮ್ಮ?"

"ಇಲ್ಲ ನೋಡ್ರಿ. ಯಾರೂ ಕೇಳೂದಿಲ್ಲ, ಆದ್ರ ಎಲ್ಲಾರಿಗೂ ಗೊತ್ತಿರತೈತಿ. ನನಗೂ ಸೋಜಿಗ."

ಸೆರಗು ಸಿಕ್ಕಿಸಿಕೊಂಡು ಅವಳ ಹಿಂದೆಯೇ ನಡೆದೆ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ನಾನು ತೂಬಿನ ಕಡೆ ಕುಡಿಕೆ ಹಿಡಿದು ಹೋದವಳಲ್ಲ. ಶೆಡ್ಡಿನವರಿಗೆ ಬೊಟ್ಟಿಡುವ ಪದ್ಧತಿ ಇಲ್ಲ. ಅವರನ್ನು ನೆನಪಿಟ್ಟರೆಷ್ಟು ಬಿಟ್ಟರೆಷ್ಟು ಎಂದು ಊರು ಅಂದುಕೊಂಡಿತ್ತು, ನಾನೂ ಅಂದುಕೊಂಡಿದ್ದೆ. ಹೋಗಿ ನೋಡಿದರೆ ತಗಡಿನ ಶೆಡ್ಡುಗಳ ಮುಂದೆ, ಪಾತ್ರೆ ತೊಳೆದ ನೀರು ಹರಿಯುವ ಕಡೆ, ಬಟ್ಟೆ ಒಗೆಯುವ ಕಲ್ಲುಗಳ ಸಂದಿಯಲ್ಲಿ, ಮೊಣಕಾಲೆತ್ತರ ಪುದೀನ. ಕಾಲಿಡಲು ಜಾಗವಿಲ್ಲ. ಎಲೆ ಕಿತ್ತು ಹೊಸೆದು ಅಭ್ಯಾಸ ಬಲದಿಂದ ಮೂಸಿದೆ. ಬರೀ ಗಾಳಿ. "ಇದು ಕಾಡಿನದೇನಾ?" ಎಂದು ಕೇಳುವಾಗ ನನ್ನ ಕಣ್ಣಲ್ಲಿ ನೀರು. ಜ್ವರದ ಕಥೆ, ಮೂಗಿನ ಕಥೆ, ಎಲ್ಲ ಅವಳಿಗೆ ಹೇಳಿಬಿಟ್ಟೆ. ಯಾರಿಗೂ ಹೇಳದ್ದನ್ನು ಸೊಪ್ಪಿನವಳಿಗೆ ಹೇಳಿದೆ.

ಅವಳು ಲೊಚಗುಟ್ಟಿದಳು. ಸಮಾಧಾನವೇನೂ ಹೇಳಲಿಲ್ಲ. ಒಂದು ದಂಟು ಮುರಿದು ನನ್ನ ಕಣ್ಣಿಗೆ ಹಿಡಿದಳು. "ಮೂಗು ಯಾಕ ಬೇಕ್ರೀ ಇದಕ್ಕ? ಹೂವು ನೋಡ್ರಿ. ಸಂತಿ ಪುದೀನಕ್ಕ ತುದೀಗೆ ಹೂವು, ಉದ್ದಕ ಬಾಲ ಇದ್ದಂಗ. ಇದಕ್ಕ ಗೆಣ್ಣಿಗೆ ಗೆಣ್ಣಿಗೆ ಹೂವು, ಎಲಿ ಹುಟ್ಟೂ ಜಾಗದಾಗ ಸುತ್ತಲೂ, ಬಳಿ ತೊಟ್ಟಂಗ. ತುದ್ಯಾಗ ಬರೇ ಎಲಿ." ನೋಡಿದೆ. ಹೌದು. ಪ್ರತಿ ಗೆಣ್ಣಿಗೂ ತಿಳಿನೇರಳೆ ಹೂವಿನ ಒಂದೊಂದು ಬಳೆ. ಶ್ರಾವಣದಲ್ಲಿ ಬರೀ ಎಲೆಯಿರುತ್ತದೆ, ನಾವು ಶ್ರಾವಣದಲ್ಲೇ ನೋಡುವವರು. ಹೂ ಬಿಡುವ ಕಾಲಕ್ಕೆ ಕುಡಿಕೆ ತೊಳೆದು ಬೋರಲು ಹಾಕಿರುತ್ತೇವೆ. ನನ್ನ ಅತ್ತೆಗೂ, ಅವರ ಅತ್ತೆಗೂ ಮೂಗೊಂದೇ ಗೊತ್ತು.

"ಮೇಲ್ಬೀದಿಯವರ ಮುತ್ತಜ್ಜ ರುಮಾಲಿನಲ್ಲಿ ತಂದಿದ್ದಂತೆ ಇದನ್ನ" ಎಂದೆ.

ಹೊನ್ನೂರಮ್ಮ ಬುಟ್ಟಿ ಅಲುಗುವ ಹಾಗೆ ನಕ್ಕಳು. "ರುಮಾಲಿನ್ಯಾಗ ತಂದಿದ್ದು ಬದುಕತೈತೇನ್ರಿ? ಇದು ಆ ಗುಡ್ಡದ ಸೆಲೀದು. ನಾವು ಕಾಲುವಿ ತೋಡೂ ಮುಂದ ನೋಡೀವಲ್ಲ, ಮ್ಯಾಲಿನಿಂದ ಬೇರು ಹರದು ತೇಲಿಕೋಂತ ಬರತೈತಿ. ಎಲ್ಲಿ ನೀರು ಒಂದೀಟು ನಿಂತು ಮಣ್ಣು ಕಚ್ಚತೈತೋ ಅಲ್ಲಿ ಕುಂದರತೈತಿ. ಆ ಮ್ಯಾಲಿನ ಬೀದಿ ತುಂಬ ಮೊದಲ ಇದ ಇತ್ತಲ್ರಿ. ನೀರಿಗೆ ಕಲ್ಲು ಮುಚ್ಚಿದ್ರ ಅದು ಎಲ್ಲಿಂದ ಬರಬೇಕು?"

ನಮ್ಮ ಹಿತ್ತಲಿಗೆ ಬರುವ ಮೋರಿಯೂ ಮೇಲ್ಬೀದಿಯ ಕಾಲುವೆಯ ಕವಲೇ. ಮನೆಗೆ ಹೋಗಿ ನೋಡಿದೆ. ತುದಿಯಲ್ಲಿ ಬಾಲ. ಯಾವಾಗಲೋ ಚಟ್ನಿಗೆ ತಂದು ಉಳಿದ ದಂಟು ಸಿಕ್ಕಿಸಿದ್ದೆ, ಅದೇ ಹಬ್ಬಿತ್ತು. ನಾನು ಬೊಟ್ಟಿನಮ್ಮ, ನನ್ನ ಬಾಗಿಲಿಗೇ ಸುಳ್ಳು ಬೊಟ್ಟು.

ಆಯುಧಪೂಜೆಯ ದಿನ ಬಿಸಿಲೇರುವ ಹೊತ್ತಿಗೆ ಒಂದು ಬಕೆಟ್ ನೀರು, ಒಂದು ಹರಕು ಪಂಚೆ ಹಿಡಿದು ಹೊರಟೆ. ಮೊದಲು ನನ್ನ ಬಾಗಿಲ ಬೊಟ್ಟು ಒರೆಸಿದೆ. ಆಮೇಲೆ ಒಂದೊಂದು ಬಾಗಿಲ ಮುಂದೆ ನಿಂತು ಮನೆಯವರ ಹೆಸರು ನೆನೆದೆ. ಬಂದರೆ ಸರಿ, ಮುಂದೆ ಹೋದೆ. ಬರದಿದ್ದರೆ ಒಳಗೆ ಹೋಗಿ ಹೂವು ನೋಡಿ, ಹೊರಗೆ ಬಂದು ಒರೆಸಿದೆ. ಕೆಳಬೀದಿಯಲ್ಲಿ ಮೂರು ಮನೆ. ಮೇಲ್ಬೀದಿಯಲ್ಲಿ ಮೊದಲ ಮನೆಯಿಂದಲೇ ಹೆಸರು ಬರಲಿಲ್ಲ. ಹಬ್ಬದ ದಿನ ಬಾಗಿಲ ಬೊಟ್ಟು ಒರೆಸುವುದೆಂದರೆ ಏನು ಎಂದು ನಮ್ಮೂರಿನವರಿಗೇ ಗೊತ್ತು. ಜನ ಸೇರಿತು. ಗುಜುಗುಜು ಶುರುವಾಯಿತು. ಆರನೆಯ ಬಾಗಿಲು ಬೀಗಿತ್ತಿಯದು.

"ಏಯ್, ಏನ್ ಮಾಡ್ತಿದ್ದೀಯಾ? ಮುತ್ತೈದೆ ಇರೋ ಮನೆ ಬೊಟ್ಟು ಅಳಿಸ್ತೀಯಲ್ಲ, ನಿನ್ನ ಕೈ ಸೇದೋಗ!" ಬೀಗಿತ್ತಿ ಆರತಿ ತಟ್ಟೆ ಹಿಡಿದೇ ಹೊರಗೆ ಬಂದರು.

ಪಂಚೆ ಹಿಂಡಿದೆ. "ಅಮ್ಮಾ, ನನಗೆ ಮೂಗಿಲ್ಲ. ಆಷಾಢದಲ್ಲೇ ಹೋಯ್ತು. ನಾನು ಮೂಸಿದ್ದೆಲ್ಲ ಸುಳ್ಳು, ಇಟ್ಟಿದ್ದೆಲ್ಲ ಸುಳ್ಳು. ಈ ಬೀದೀಲಿ ಕಾಡುಪುದೀನ ಒಂದು ಕಡ್ಡೀನೂ ಇಲ್ಲ. ನಿಮ್ಮನ್ನೆಲ್ಲ ಊರು ಮರೀತಾ ಐತೆ."

"ಮೂಗು ಹೋಗಿರೋದು ನಿಂಗೆ, ತಲೆ ಕೆಟ್ಟಿರೋದೂ ನಿಂಗೆ. ನಮ್ಮನ್ನ ಮರೆಯೋರು ಯಾರು? ಈ ಊರು ಕಟ್ಟಿದೋರು ನಾವು!"

"ಹಂಗಾದ್ರೆ ಎದುರುಮನೆಯೋರ ಹೆಸರು ಹೇಳಿ."

ಎದುರುಮನೆಯ ದಂಪತಿ ಅವರದೇ ಜಗಲಿಯಲ್ಲಿ ನಿಂತಿದ್ದರು, ಗಂಡನ ಕೈಯಲ್ಲಿ ಸ್ಕೂಟರಿಗೆ ಹಾಕುವ ಹಾರ. ಬೀಗಿತ್ತಿ ಅವರ ಕಡೆ ತಿರುಗಿದರು. ಬಾಯಿ ತೆರೆದರು. "ಅವರು... ಅದೇ, ನಮ್ಮ ಸಾರು..." ಎಂದರು. ಎದುರುಮನೆಯಾತ ಹಾರ ಹಿಡಿದು ತಲೆ ತಗ್ಗಿಸಿದ. ಆತನಿಗೂ ಇವರ ಹೆಸರು ಬರುತ್ತಿರಲಿಲ್ಲ ಎಂದು ಆ ತಲೆ ತಗ್ಗಿಸಿದ ರೀತಿಯಲ್ಲೇ ಗೊತ್ತಾಯಿತು. ಯಾರೋ ಒಬ್ಬ ಹೆಂಗಸು ಪಕ್ಕದವಳನ್ನು ಮೆಲ್ಲಗೆ "ನಿಮಗೂ ಹಂಗೇ ಆಗ್ತಿದ್ಯಾ ಮೇಡಂ?" ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಆಗ ಒಳಗಿನಿಂದ ಅವಳು ಬಂದಳು. ನನ್ನ ಮಗಳು. ಹಬ್ಬದ ಸೀರೆ, ಹಣೆಯಲ್ಲಿ ಬೆವರು. ಕೂಸು ಅವಳ ಸೆರಗು ಹಿಡಿದಿತ್ತು.

"ಎಂಟು ದಿನದಿಂದ ಸ್ಕೂಲಲ್ಲಿ ಹಾಜರಿ ಕರೆಯೋವಾಗ ಇವಳ ಹೆಸರು ಕರೀತಿಲ್ಲ ಅವ್ವ. ಮೇಷ್ಟ್ರಮ್ಮ ಪುಸ್ತಕ ನೋಡಿಯೂ ದಾಟಿಸಿ ಹೋಗ್ತಾರೆ. ದಿನಾ ಅತ್ಕೊಂಡು ಬರ್ತಾಳೆ. ನಾನು ಇವಳಿಗೇ ಬೈದೆ, ನೀನು ಜೋರಾಗಿ ಎಸ್ ಮಿಸ್ ಅನ್ನಲ್ಲ, ಅದಕ್ಕೇ ಅಂತ." ಅವಳ ದನಿ ಏರಲಿಲ್ಲ. "ಯಾಕೆ ಬೈದೆ ಗೊತ್ತಾ? ಬಾಗಿಲಲ್ಲಿ ಬೊಟ್ಟಿತ್ತು. ನೀನು ಇಟ್ಟಿದ್ದು. ನಮ್ಮವ್ವ ಇಟ್ಟ ಮೇಲೆ ಮುಗೀತು ಅಂತ ಸುಮ್ನಿದ್ದೆ."

ಅವಳು ಮೆಟ್ಟಿಲಿಳಿದು ನನ್ನ ಎದುರಿಗೆ ಬಂದು ನಿಂತಳು. "ಸಂತೇಲಿ ನನ್ನ ನೋಡಿ ನಕ್ಕು ಹೋದೆ. ಯಾರನ್ನೋ ನೋಡಿ ನಗೋ ಹಂಗೆ ನಕ್ಕೆ. ನನ್ನ ಹೆಸರು ಹೇಳವ್ವ."

ಬಕೆಟ್ಟಿನ ನೀರು ನೋಡಿದೆ. ಆಕಾಶ ನೋಡಿದೆ. ಲೋಟದ ಮೇಲಿನ ಅಕ್ಷರಗಳನ್ನು ನೆನೆದೆ, ಬೆಳ್ಳಿಯ ಹೊಳಪು ಬಂತು, ಅಕ್ಷರ ಬರಲಿಲ್ಲ. ಇಡೀ ಬೀದಿ ನನ್ನ ಬಾಯನ್ನೇ ನೋಡುತ್ತಿತ್ತು. "ಬರಲ್ಲ ಕಣವ್ವ" ಎಂದೆ. "ಬರ್ತಿಲ್ಲ. ತಪ್ಪಾಯ್ತು ನಂದು."

ಅವಳು ತಿರುಗಿ ಒಳಗೆ ಹೋದಳು. ನನ್ನ ಜೀವ ಅಲ್ಲಿಗೇ ಅರ್ಧ ಹೋಯಿತು. ಇನ್ನು ಬಾಗಿಲು ಹಾಕಿಕೊಳ್ಳುತ್ತಾಳೆ, ಇನ್ನು ಮುಗಿಯಿತು ಅಂದುಕೊಂಡೆ. ಬೀಗಿತ್ತಿ "ಹಬ್ಬದ ದಿನ ಮನೆ ಬಿಟ್ಟು ಗುಡಿಸ್ಲಿಗೆ ಹೋಗೋಕೆ ನಾವೇನು ಗತಿಗೆಟ್ಟಿಲ್ಲ, ಹೆಸರು ಹೋದ್ರೆ ಹೋಗ್ಲಿ" ಎನ್ನುತ್ತಲೇ ಇದ್ದರು. ಅಳಿಯ ಬಾಗಿಲಲ್ಲಿ ನಿಂತು ಅಮ್ಮನ ಮುಖ ಒಮ್ಮೆ, ನೆಲ ಒಮ್ಮೆ ನೋಡುತ್ತಿದ್ದರು. ಮಗಳು ಹೊರಗೆ ಬಂದಾಗ ಕಂಕುಳಲ್ಲಿ ಸುತ್ತಿದ ಚಾಪೆ, ಕೈಯಲ್ಲಿ ಕೂಸಿನ ಸ್ಕೂಲ್ ಬ್ಯಾಗು ಇತ್ತು. "ಎಲ್ಲಿದೆ ಪುದೀನ?" ಎಂದಳು. ಅಷ್ಟೇ ಕೇಳಿದ್ದು.

ಹೊನ್ನೂರಮ್ಮ ತನ್ನ ಶೆಡ್ಡಿನ ಪಕ್ಕದ ಸಾಮಾನಿನ ಕೋಣೆ ಖಾಲಿ ಮಾಡಿಕೊಟ್ಟಳು. ಗುದ್ದಲಿ, ಬಾಂಡ್ಲಿ ಹೊರಗೆ ಹೋದವು, ನಾವು ಮೂವರು ಒಳಗೆ. ಮೊದಲ ದಿನವೇ ಅವಳು ನನ್ನ ಹೆಸರು ಕೇಳಿದಳು, ಹೇಳಿದೆ. ಮರುದಿನ ಮತ್ತೆ ಕೇಳಿದಳು, ಮತ್ತೆ ಹೇಳಿದೆ. "ನಿಲ್ಲವಲ್ದು ನೋಡ್ರಿ ತಲ್ಯಾಗ" ಎನ್ನುತ್ತಿದ್ದಳು. ಒಂದು ತಿಂಗಳು ಹಿಡಿಯುತ್ತದೆ ಎನ್ನುವುದು ಗೊತ್ತಿದ್ದದ್ದೇ. ಆದರೆ ಅದು ಹೆಸರು ಮಾತ್ರ ಹೋದವರ ಲೆಕ್ಕ. ಅದಕ್ಕಿಂತ ಮುಂದೆ ಹೋದವರು ವಾಪಸು ಬಂದದ್ದನ್ನು ನಾನು ನೋಡಿರಲಿಲ್ಲ. ನಮ್ಮ ಹಿತ್ತಲಿನದು ಹೋದದ್ದು ಮೇಲ್ಬೀದಿಯದು ಹೋದ ಮೇಲೆ, ಮಗಳಿಗೆ ನನ್ನ ಹೆಸರಷ್ಟೇ ಹೋಗಿತ್ತು; ಬೇರೆ ಮನೆಯಿಂದ ಬಂದ ಅವಳು ಮಾತ್ರ ನನ್ನ ತಲೆಯಿಂದ ಇನ್ನೂ ಜಾರುತ್ತಲೇ ಇದ್ದಳು. ಐದನೆಯ ದಿನ ಬೆಳಿಗ್ಗೆ ಎದ್ದಾಗ ಒಲೆಯ ಮುಂದೆ ಯಾರೋ ಹೆಂಗಸು ರೊಟ್ಟಿ ತಟ್ಟುತ್ತಿದ್ದಳು. ಮುಖ ನೋಡಿದ ಹಾಗಿತ್ತು. ಮರ್ಯಾದೆಗೆ ಎದ್ದು ಕೂತು "ನೀವು ಯಾವ ಕಡೆಯವರಮ್ಮ?" ಎಂದೆ. ಅವಳ ಕೈ ರೊಟ್ಟಿಯ ಮೇಲೆ ನಿಂತಿತು. ಅಳಲಿಲ್ಲ. "ನಿನ್ನ ಮಗಳು ಕಣವ್ವ" ಎಂದು ರೊಟ್ಟಿ ಮಗುಚಿದಳು.

ಒಂಬತ್ತನೆಯ ದಿನ ಮತ್ತೆ ಹಾಗೇ ಕೇಳಿದೆನಂತೆ. ಹನ್ನೆರಡನೆಯ ದಿನ ಎರಡು ಸಲ. ನನಗೆ ನಾಚಿಕೆ, ಹೆದರಿಕೆ. ಕಣ್ಣು ಬಿಡುವುದಕ್ಕೇ ಹೆದರಿಕೆ. ಕೂಸು ಮಾತ್ರ ಇದನ್ನು ಆಟ ಮಾಡಿಕೊಂಡಿತು: "ಅಜ್ಜಿ, ನಾನ್ಯಾರು ಹೇಳು" ಎಂದು ಮುಖದ ಮುಂದೆ ಮುಖ ಇಡುತ್ತಿತ್ತು. "ನೀನು ಕತ್ತೆ" ಅಂದರೆ ಕೇಕೆ ಹಾಕಿ ನಗುತ್ತಿತ್ತು. ಇಪ್ಪತ್ತು ದಿನವಾಯಿತು, ಇಪ್ಪತ್ತೈದಾಯಿತು. ಹಾಜರಿಯಲ್ಲಿ ಇನ್ನೂ ಕರೆಯಲಿಲ್ಲ. ಮೂವತ್ತಾಯಿತು. ಮೂವತ್ತೊಂದಾಯಿತು. ಮಗಳು ಸಾಯಂಕಾಲ ಪುದೀನದ ಮಧ್ಯೆ ಕೂತು ಗೆಣ್ಣಿನ ಹೂವು ಒಂದೊಂದೇ ಮುಟ್ಟಿ ನೋಡುತ್ತಿದ್ದಳು.

ಮೂವತ್ತನಾಲ್ಕನೆಯ ದಿನ. ನಾನು ಶೆಡ್ಡಿನ ಮುಂದೆ ಮೆಂತ್ಯೆ ಬಿಡಿಸುತ್ತಿದ್ದೆ. ಅವಳು ಬಿಂದಿಗೆ ಹಿಡಿದು ತೂಬಿನ ಮೆಟ್ಟಿಲು ಇಳಿಯುತ್ತಿದ್ದಳು. ಮೂರನೆಯ ಮೆಟ್ಟಿಲು ಪಾಚಿ ಕಟ್ಟಿದೆ, ಅದರ ಮೇಲೆ ಕಾಲಿಡಲು ಹೋದಳು.

"ಇಂದ್ರಾಣೀ! ಜಾರುತ್ತೆ ಕಣೇ, ಈ ಕಡೆ ಕಾಲಿಡು!"

ಕೂಗಿದ್ದು ನಾನೇ ಎಂದು ನನಗೆ ಗೊತ್ತಾಗಲು ಎರಡು ಗಳಿಗೆ ಬೇಕಾಯಿತು. ಅವಳು ಎತ್ತಿದ ಕಾಲು ಎತ್ತಿದ ಹಾಗೇ ನಿಂತಳು. ಬಿಂದಿಗೆ ಕೈಯಿಂದ ಜಾರಿ ಠಣ್ ಠಣ್ ಎಂದು ಮೆಟ್ಟಿಲಿಳಿದು ನೀರಿಗೆ ಬಿತ್ತು. ನಾನು ಮಡಿಲ ಮೆಂತ್ಯೆಯನ್ನೆಲ್ಲ ಚೆಲ್ಲಿಕೊಂಡು ಎದ್ದೆ. "ಇಂದ್ರಾಣಿ" ಎಂದೆ, ಇದೆಯಾ ಎಂದು ನೋಡಲು. ಇತ್ತು. "ಇಂದ್ರಾಣಿ, ಇಂದ್ರಾಣಿ, ಇಂದ್ರಾಣಿ." ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಮೂವತ್ತನಾಲ್ಕು ದಿನದ್ದು ಒಟ್ಟಿಗೆ ಅತ್ತಳು. ಹೊನ್ನೂರಮ್ಮ ಒಳಗಿನಿಂದ ಓಡಿಬಂದು "ನಿಂಗಾಜಮ್ಮಾರ, ಬಿಂದಿಗಿ ತೇಲಿಕೋಂತ ಹೊಂಟೈತಿ, ಅಳೂದು ಆಮ್ಯಾಲ ಅಳ್ರಿ, ಮೊದಲ ಹಿಡೀರಿ!" ಎಂದಳು. ನನ್ನ ಹೆಸರನ್ನು ಆಗ ಅವಳು ಕೇಳದೆಯೇ ಅಂದದ್ದು ನಮಗಿಬ್ಬರಿಗೂ ಆಮೇಲೆ ಹೊಳೆಯಿತು.

ಆ ವಾರವೇ ಕೂಸಿನ ಹೆಸರು ಹಾಜರಿಯಲ್ಲಿ ಕರೆದರು. ಅಳಿಯ ಈಗ ಸಾಯಂಕಾಲ ಇಲ್ಲಿಗೇ ಬರುತ್ತಾರೆ. ಎದುರುಮನೆಯಾತನ ಜೊತೆ ಸೇರಿ ಹಾರೆ ಹಾಕಿ ತಮ್ಮ ಮನೆ ಮುಂದಿನ ಎರಡು ಚಪ್ಪಡಿ ಎಬ್ಬಿಸಿದ್ದಾರೆ, ನೀರು ಬಿಸಿಲು ಕಂಡಿದೆ, ಬೇರು ಇನ್ನೂ ಬಂದಿಲ್ಲ. ಮೇಲ್ಬೀದಿಯ ಅರ್ಧ ಜನ ನೆಂಟರ ಮನೆ ಸೇರಿದ್ದಾರೆ. ಬೀಗಿತ್ತಿ ಕದಲಿಲ್ಲ. ಆ ಕಡೆ ಹೋದಾಗ ಜಗಲಿಯಲ್ಲಿ ಒಬ್ಬ ಹಿರಿಯ ಹೆಂಗಸು ಕೂತಿರುತ್ತಾರೆ, "ಚೆನ್ನಾಗಿದ್ದೀರಾ ಅಮ್ಮ?" ಎನ್ನುತ್ತೇನೆ. ಅವರು ನನಗೆ ಏನಾಗಬೇಕು ಎಂದು ಇಂದ್ರಾಣಿ ಆಮೇಲೆ ನೆನಪು ಮಾಡಿಕೊಡುತ್ತಾಳೆ. ನನ್ನ ಕೆಲಸ ಊರು ಕಿತ್ತುಕೊಳ್ಳಲಿಲ್ಲ, ಬೈದು ಬೈದು ಸುಮ್ಮನಾದರು. ಇನ್ನು ಮೇಲೆ ಬೊಟ್ಟು ಶ್ರಾವಣಕ್ಕಲ್ಲ, ಹೂ ಬಿಡುವ ಕಾಲಕ್ಕೆ. ಮೊದಲ ಹನ್ನೊಂದು ಬೊಟ್ಟು ಶೆಡ್ಡುಗಳ ತಗಡಿನ ಮೇಲೆ ಇಟ್ಟೆ. ತಗಡಿಗೆ ಸುಣ್ಣ ನಿಲ್ಲುವುದಿಲ್ಲ, ಎರಡು ದಿನಕ್ಕೊಮ್ಮೆ ಇಡುತ್ತೇನೆ.

ಹೋದ ಸೋಮವಾರ ಇಬ್ಬರು ಅಳತೆ ಟೇಪು ಹಿಡಿದು ಬಂದು ತೂಬಿನ ದಂಡೆ ಅಳೆದು ಕಲ್ಲಿನ ಮೇಲೆ ಕೆಂಪು ಬಣ್ಣದ ಗುರುತು ಮಾಡಿ ಹೋದರು. ಯಾಕೆ ಎಂದು ಕೇಳಿದರೆ ಸೊಳ್ಳೆ ಕಾಟ ಅಂದರು. ಇಲ್ಲಿಗೂ ಚಪ್ಪಡಿ ಬರುತ್ತದಂತೆ, ಯಾವಾಗ ಎಂದು ಅವರಿಗೂ ಗೊತ್ತಿಲ್ಲವಂತೆ. ಅವತ್ತಿನಿಂದ ನಾನು ಬೆಳಿಗ್ಗೆ ಎದ್ದು ಕಣ್ಣು ಬಿಡುವ ಮೊದಲೇ "ಇಂದ್ರಾಣಿ" ಎಂದು ಕೂಗುತ್ತೇನೆ. "ಊಂ, ಇದ್ದೀನಿ, ಮಲಕ್ಕೋ ಅವ್ವ" ಎಂದು ಚಾಪೆಯಿಂದ ಅನ್ನುತ್ತಾಳೆ. ಆಮೇಲೆ ಒಲೆ ಹಚ್ಚುತ್ತೇನೆ.